ಕಪ್ ಗೆದ್ದ ಕ್ಲಬ್‌ಗಳು ಎಲ್ಲಿ ಹೋದವು?

1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗನ್ನು 1–0 ಗೋಲಿನಿಂದ ಸೋಲಿಸಿತು. ಮಹಮ್ಮಡನ್ ಎಂದರೆ ಆಗ ಸಾಧಾರಣ ತಂಡವಲ್ಲ. 1934ರಿಂದ ಸತತವಾಗಿ ಕಲ್ಕತ್ತಾ ಲೀಗ್ ಗೆಲ್ಲುತ್ತ ಬಂದು ದೇಶವನ್ನೇ ಬೆರಗುಗೊಳಿಸಿದ್ದ ತಂಡ. 1891ರಲ್ಲಿ ಶುರುವಾದ ರೋವರ್ಸ್ ಕಪ್ಪು ಅಲ್ಲಿಯವರೆಗೆ ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಸುತ್ತಾಡುತ್ತಿತ್ತು. ಅದನ್ನು ಮೊದಲು ಎತ್ತಿದ ಭಾರತೀಯ ನಾಗರಿಕ ತಂಡ ಮೈಸೂರು ಸೀಮೆಯದು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು. 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಮೂರನೆಯ ಸಲ ಗೆದ್ದದ್ದೂ ಇದೇ ಕ್ಲಬ್ಬು. ಆಮೇಲೆ ಅದು ದೇಶದ ದೊಡ್ಡ ಮೈದಾನಗಳಿಂದ ಮೆಲ್ಲಗೆ ಹಿಂದೆ ಸರಿಯಿತು. ಇವತ್ತು ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಹತ್ತು ಜನ ಕ್ರೀಡಾಪ್ರೇಮಿಗಳನ್ನು ನಿಲ್ಲಿಸಿ ಕೇಳಿದರೆ, ಆ ಹೆಸರು ಗೊತ್ತಿರುವವರು ಒಬ್ಬರು ಸಿಕ್ಕರೆ ಹೆಚ್ಚು.

ನಮ್ಮ ಮಂಡ್ಯ ಕಬಡ್ಡಿಯ ಜಿಲ್ಲೆ. ಫುಟ್‌ಬಾಲಿಗೂ ನಮಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ಇದೆ; ಅದು ಮಳವಳ್ಳಿ ತಾಲ್ಲೂಕಿನಲ್ಲೇ ಶುರುವಾಗುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನಮ್ಮ ಕಾವೇರಿಯ ಬಲದಿಂದ ಓಡಿದ ಗಣಿಗಳ ಸುತ್ತ ಕೆಲಸಗಾರರ ಸಾಲುಮನೆಗಳು ಬೆಳೆದವು, ಆ ಸಾಲುಗಳಲ್ಲಿ ಫುಟ್‌ಬಾಲ್ ಬೆಳೆಯಿತು. ಪಾಳಿ ಮುಗಿಸಿ ಭೂಗರ್ಭದಿಂದ ಮೇಲೆ ಬಂದವರು ಮೈದಾನಕ್ಕೆ ಇಳಿಯುತ್ತಿದ್ದರು. ಕೆಜಿಎಫ್ ಎಂದರೆ ಇಂದಿನ ಮಕ್ಕಳಿಗೆ ಸಿನಿಮಾ. ಮೈಸೂರು ರಾಜ್ಯದ ಆಟಗಾರರನ್ನು ತಯಾರು ಮಾಡಿದ ಕಣಜಗಳಲ್ಲಿ ಅದೂ ಒಂದಾಗಿತ್ತು ಎಂಬುದು ಅವರಿಗೆ ತಿಳಿಯಬೇಕು.

ಇನ್ನೊಂದು ಕಣಜ ಬೆಂಗಳೂರಿನ ದಂಡು. 1809ರಲ್ಲಿ ಬ್ರಿಟಿಷರು ಕಟ್ಟಿದ ಈ ದಂಡಿನಲ್ಲಿ ಸೋಲ್ಜರುಗಳು ಆಡಿದ್ದನ್ನು ಸುತ್ತಲಿನ ಹುಡುಗರು ನೋಡಿ ಕಲಿತರು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರ ಕಡೆಯ ಬಡಕುಟುಂಬಗಳ ಮಕ್ಕಳಿಗೆ ಇದು ಖರ್ಚಿಲ್ಲದ ಆಟ. ಬ್ಯಾಟು ಬೇಡ, ಪ್ಯಾಡು ಬೇಡ, ಬೂಟೂ ಬೇಡ. ಬೆಂಗಳೂರು ಮುಸ್ಲಿಮ್ಸ್, ಬೆಂಗಳೂರು ಬ್ಲೂಸ್, ಕ್ರೆಸೆಂಟ್ಸ್ ಇವೆಲ್ಲ ಈ ಮೊಹಲ್ಲಾಗಳಿಂದಲೇ ಎದ್ದ ಕ್ಲಬ್‌ಗಳು. ಹೆಸರು ಮುಸ್ಲಿಮ್ಸ್ ಎಂದಿದ್ದರೂ ಅದರ ಜಯ ಇಡೀ ಊರಿನ ಜಯವಾಗಿತ್ತು. ಕಲ್ಕತ್ತದ ತಂಡವನ್ನು ಸೋಲಿಸಿದಾಗ ಹಿಗ್ಗದಿರುವ ಬೆಂಗಳೂರಿಗ ಯಾರಿದ್ದಾನು?

ಈ ಮೊದಲ ಕಾಲಘಟ್ಟದ ಫಲ ಲಂಡನ್ನಿನಲ್ಲಿ ಕಂಡಿತು. 1948ರ ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ತಂಡ 2–1ರಿಂದ ಸೋತಿತು. ಭಾರತದ ಆ ಒಂದೇ ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊಟ್ಟಮೊದಲ ಗೋಲು, ಮೈಸೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಬೆಂಗಳೂರು ಮುಸ್ಲಿಮ್ಸ್ ಜೆರ್ಸಿ ತೊಟ್ಟು ಬೆಳೆದ ಅವರ ಕಾಲಿಗೆ ಚೆಂಡು ಸಿಕ್ಕರೆ ಎದುರಾಳಿಗೆ ದಿಕ್ಕು ತೋಚುತ್ತಿರಲಿಲ್ಲ. 1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುಂಪಡೆಯವರನ್ನು ಬಂಗಾಳಿಗಳು ಪಂಚಪಾಂಡವರೆಂದೇ ಕರೆದರು. 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಆಡಿದರು. ಅವರು 2017ರಲ್ಲಿ ತೀರಿಕೊಂಡಾಗ ಬಂಗಾಳ ನೆನೆದಷ್ಟು ಕರ್ನಾಟಕ ನೆನೆಯಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಕ್ಲಬ್‌ಗಳು ಯಾಕೆ ಸೊರಗಿದವು ಎಂಬುದಕ್ಕೆ ಮೊದಲ ಉತ್ತರ ಇಲ್ಲೇ ಇದೆ. ರಾಮನ್ ಮೋಹನ್ ಬಾಗಾನ್ ಸೇರಿದರು. ಮೆಲ್ಬರ್ನ್ (1956), ರೋಮ್ (1960) ಎರಡೂ ಒಲಿಂಪಿಕ್ಸ್ ಕಂಡ ಕೆಂಪಯ್ಯ ಕಲ್ಕತ್ತೆಗೆ ಹೋದರು. ಕೆಂಪಯ್ಯ ಎಂದರೆ ಮದ್ದೂರು, ಮಳವಳ್ಳಿಯ ಊರೂರಲ್ಲೂ ಕೂಗಿದರೆ ಓಗೊಡುವವರು ಸಿಗುವ ಹೆಸರು. ಆ ಹೆಸರಿನವರೊಬ್ಬರು, 1956ರಲ್ಲಿ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೇರಿದ ಭಾರತ ತಂಡದಲ್ಲಿದ್ದರು ಎಂಬುದು ನಮ್ಮ ಶಾಲೆಗಳಲ್ಲಿ ಯಾರೂ ಹೇಳದ ಪಾಠ. 1962ರ ಏಷ್ಯಾಡ್ ಚಿನ್ನದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನಿಂದ ಮೋಹನ್ ಬಾಗಾನ್‌ಗೆ ಹೋದವರೇ. ಕಲ್ಕತ್ತದಲ್ಲಿ ಟಿಕೆಟ್ ಕೊಂಡು ಬರುವ ಸಾವಿರಾರು ಜನರಿದ್ದರು, ಚಂದಾ ಕಟ್ಟುವ ಸದಸ್ಯರಿದ್ದರು, ಆಟಗಾರನಿಗೆ ಉಳಿಯಲು ಮನೆಯೂ ಕೈಗೆ ಹಣವೂ ಸಿಗುತ್ತಿತ್ತು. ಬೆಂಗಳೂರಿನ ಮೊಹಲ್ಲಾ ಕ್ಲಬ್ಬು ಕೊಡಬಹುದಾಗಿದ್ದು ಅಭಿಮಾನ ಮಾತ್ರ. ಅಭಿಮಾನದಿಂದ ಮನೆಬಾಡಿಗೆ ಕಟ್ಟಲಾಗದು.

ಹಾಗಿದ್ದರೂ ರಾಜ್ಯ ತಂಡ ಕುಂದಲಿಲ್ಲ. 1946–47ರಲ್ಲಿ ಮೈಸೂರು ರಾಜ್ಯತಂಡಗಳ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೊದಲ ಸಲ ಗೆದ್ದಿತು, 1952–53ರಲ್ಲಿ ಮತ್ತೆ, 1967–68 ಮತ್ತು 1968–69ರಲ್ಲಿ ಬೆನ್ನುಬೆನ್ನಿಗೆ. ಆ ಗೆಲುವಿನಿಂದಾಗಿ 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿಗೆ ಭಾರತದಿಂದ ಹೋದದ್ದು ಕಲ್ಕತ್ತದ ಯಾವ ಕ್ಲಬ್ಬೂ ಅಲ್ಲ, ಮೈಸೂರು ರಾಜ್ಯದ ತಂಡ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಲು ಇನ್ನೂ ನಾಲ್ಕು ವರ್ಷವಿತ್ತು.

ಅಷ್ಟರಲ್ಲಿ ಆಟದ ಯಜಮಾನಿಕೆ ಮೊಹಲ್ಲಾದಿಂದ ಕಾರ್ಖಾನೆಗೆ ಬಂದಿತ್ತು. ಇದು ಎರಡನೆಯ ಘಟ್ಟ, ನನ್ನ ಲೆಕ್ಕದಲ್ಲಿ ಕರ್ನಾಟಕ ಫುಟ್‌ಬಾಲಿನ ಅತ್ಯಂತ ಗಟ್ಟಿಯಾದ ಘಟ್ಟ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್), 1948ರಲ್ಲಿ ಟೆಲಿಫೋನು ತಯಾರಿಸುವ ಐಟಿಐ, ಜೊತೆಗೆ ಬಿನ್ನಿ ಮಿಲ್, ರಕ್ಷಣಾ ಸಂಶೋಧನಾಲಯ ಎಲ್‌ಆರ್‌ಡಿಇ, ಸೈನ್ಯದ ಎಂಇಜಿ ಮತ್ತು ಎಎಸ್‌ಸಿ. ಚೆನ್ನಾಗಿ ಆಡುವ ಹುಡುಗನನ್ನು ಕಂಡರೆ ಇವು ಕೆಲಸ ಕೊಡುತ್ತಿದ್ದವು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸ, ತಿಂಗಳ ಕೊನೆಗೆ ಸಂಬಳ, ವಯಸ್ಸಾದರೆ ಪಿಂಚಣಿ. ಕಾಲು ಮುರಿದರೂ ಮನೆಯ ಒಲೆ ಆರುತ್ತಿರಲಿಲ್ಲ. ದೂರವಾಣಿನಗರದ ಐಟಿಐ ತಂಡ 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಮೊಟ್ಟಮೊದಲ ಫೆಡರೇಶನ್ ಕಪ್ಪನ್ನು ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಮೋಹನ್ ಬಾಗಾನ್ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಎದುರು 2–2ರ ಸಮಬಲ ಸಾಧಿಸಿತು. ದೇಶ ಇಂದಿಗೂ ಆ ಡ್ರಾ ನೆನೆಯುತ್ತದೆ. ಟೆಲಿಫೋನು ಜೋಡಿಸುತ್ತಿದ್ದ ಕಾರ್ಖಾನೆಯ ತಂಡವೊಂದು ಕೆಲವೇ ತಿಂಗಳ ಹಿಂದೆ ಮೋಹನ್ ಬಾಗಾನನ್ನು ಸೋಲಿಸಿತ್ತು ಎಂಬುದನ್ನು ನೆನೆಯುವವರು ಕಡಿಮೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಜನರ ಪ್ರೀತಿ ದೊಡ್ಡದು. ಆ ಪ್ರೀತಿಯಲ್ಲಿ ಐಟಿಐ ಹುಡುಗರಿಗೂ ಪಾಲು ಸಲ್ಲಬೇಕು.

ಇಲ್ಲೊಂದು ಮಾತು ಮಂಡ್ಯದ ಬಗ್ಗೆ. 1933ರಲ್ಲಿ ಸ್ಥಾಪನೆಯಾದ ಮೈಶುಗರ್ ನಮ್ಮ ಊರನ್ನು ಊರು ಮಾಡಿದ ಕಾರ್ಖಾನೆ. ಬೆಂಗಳೂರಿನ ಕಾರ್ಖಾನೆಗಳ ಹಾಗೆ ಅದು ಫುಟ್‌ಬಾಲಿನ ಮನೆಯಾಗಲಿಲ್ಲ. ಕಬ್ಬು ಅರೆಯುವುದು ವರ್ಷವಿಡೀ ನಡೆಯುವ ಕೆಲಸವಲ್ಲ. ಕಬ್ಬು ಕಡಿಯುವವರು, ಗಾಡಿ ಹೊಡೆಯುವವರು, ಬೆಳೆಗಾರರು ಎಲ್ಲ ಹಳ್ಳಿಹಳ್ಳಿಗಳಲ್ಲಿ ಚದುರಿದವರು. ಫುಟ್‌ಬಾಲ್ ಬೇರು ಬಿಟ್ಟಲ್ಲೆಲ್ಲ, ಮ್ಯಾಂಚೆಸ್ಟರಿನಲ್ಲಾಗಲಿ ಕೆಜಿಎಫ್‌ನಲ್ಲಾಗಲಿ, ಒಂದೇ ಸೈರನ್ನಿಗೆ ಒಟ್ಟಿಗೆ ಹೊರಬರುವ ಜನ ಒತ್ತೊತ್ತಾಗಿ ವಾಸಿಸುತ್ತಿದ್ದರು. ನಮ್ಮಲ್ಲಿ ಸಂಜೆ ಹುಡುಗರು ಸೇರುತ್ತಿದ್ದುದು ಕಣದಲ್ಲಿ, ಗದ್ದೆ ಬಯಲಿನಲ್ಲಿ. ಅಲ್ಲಿಗೆ ಕಬಡ್ಡಿಯೇ ಸರಿ. ನಮ್ಮ ಹುಡುಗರಲ್ಲಿ ಕಸುವು ಇರಲಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಾರ್ಖಾನೆಗಳ ಕಾಲವೂ ಮುಗಿಯಿತು. 1991ರ ನಂತರ ಸಾರ್ವಜನಿಕ ಉದ್ಯಮಗಳು ಹೊಸ ನೇಮಕಾತಿಯನ್ನೇ ಕಡಿತಗೊಳಿಸಿದವು. ಮೊಬೈಲ್ ಬಂದ ಮೇಲೆ ಐಟಿಐಗೆ ತನ್ನ ಉಳಿವೇ ಕಷ್ಟವಾಯಿತು. ಆಟಗಾರನಿಗೆ ಕೆಲಸ ಎಲ್ಲಿಂದ ಕೊಟ್ಟೀತು? 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ–ಲೀಗ್ ಬಂದಾಗ ಕ್ಲಬ್ ಎಂದರೆ ಪ್ರತ್ಯೇಕ ಸಂಸ್ಥೆಯಾಗಿರಬೇಕು, ಕಿರಿಯರ ತಂಡ ಇರಬೇಕು, ಪೂರ್ಣಾವಧಿ ವೃತ್ತಿ ಆಟಗಾರರಿರಬೇಕು ಎಂಬ ನಿಯಮಗಳು ಬಿಗಿಯಾಗುತ್ತ ಹೋದವು. ಸರಕಾರಿ ಸಂಸ್ಥೆಯೊಂದರ ಕ್ರೀಡಾ ಮಂಡಳಿಗೆ ಇದು ಎಟುಕುವಂಥದ್ದಲ್ಲ. ಎಚ್‌ಎಎಲ್ ಎರಡು ಋತು ಐ–ಲೀಗ್‌ನಲ್ಲಿ ಸೆಣಸಿ 2012ರಲ್ಲಿ ಕೆಳಗಿಳಿಯಿತು. ಖಾಸಗಿಯವರ ಕಥೆಯೂ ಬೇರೆಯಲ್ಲ: 2010ರಲ್ಲಿ ಮಹೀಂದ್ರಾ ಯುನೈಟೆಡ್, 2011ರಲ್ಲಿ ಪಂಜಾಬಿನ ಜೆಸಿಟಿ ಬಾಗಿಲು ಹಾಕಿದವು. ಬೆಂಗಳೂರಿನಲ್ಲೇ ಓಜೋನ್ ಎಂಬ ಕ್ಲಬ್ಬು 2015ರಲ್ಲಿ ಬಂದು ಬೇಗನೆ ಮಾಯವಾಯಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್, ಭಾರತ ಕಂಡ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲೊಬ್ಬರು, ಆಡಿದ ಎಫ್‌ಸಿ ಕೊಚ್ಚಿನ್ ಮತ್ತು ಜೆಸಿಟಿ ಎರಡೂ ಈಗ ಇಲ್ಲ. 2020ರಲ್ಲಿ ಚಾಪ್ಮನ್ ಕೂಡ ಹೋದರು.

ಪಲ್ಟನ್ ಹೋಯಿತು, ಮೊಹಲ್ಲಾ ಸೋತಿತು, ಕಾರ್ಖಾನೆ ಕೈಬಿಟ್ಟಿತು, ಕಂಪನಿ ಬಂತು. ಪ್ರತಿ ಸಲವೂ ಕ್ಲಬ್ಬಿನ ಜೀವ ಇನ್ಯಾರದೋ ಕೈಯಲ್ಲಿತ್ತು. ಬೇರೆ ದಾರಿಯೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಮ್ಮ ಹಾಲು ಒಕ್ಕೂಟವಿದೆ. ಬೆಳಗಾಗೆದ್ದು ಡೇರಿಗೆ ಹಾಲು ಹಾಕುವ ಹೆಂಗಸು ಅಲ್ಲಿ ಸಂಘದ ಸದಸ್ಯೆ. ಅವಳಿಗೆ ಓಟಿದೆ, ಸಭೆಯಲ್ಲಿ ಎದ್ದು ಕೇಳುವ ಹಕ್ಕಿದೆ. ಆ ಒಕ್ಕೂಟದಲ್ಲಿ ಜಗಳವಿಲ್ಲವೆಂದಲ್ಲ, ಆದರೆ ಒಬ್ಬ ಯಜಮಾನ ಬೇಸರಗೊಂಡು ಒಂದು ಮುಂಜಾನೆ ಅದಕ್ಕೆ ಬೀಗ ಜಡಿಯಲಾರ. ಹೊರದೇಶಗಳಲ್ಲಿ ಫುಟ್‌ಬಾಲ್ ಕ್ಲಬ್ಬುಗಳೂ ಹೀಗೆ ಉಳಿದಿವೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಮಾಲೀಕರು ಬೇರೆ ಊರಿಗೆ ಸಾಗಿಸಲು ಹೊರಟಾಗ, 2002ರಲ್ಲಿ ಅಭಿಮಾನಿಗಳೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿ ತಳದ ಲೀಗಿನಿಂದ ಮೇಲಕ್ಕೇರಿಸಿದರು. ಬಾರ್ಸಿಲೋನಾ ಇಂದಿಗೂ ಸದಸ್ಯರದು. ಬೆಂಗಳೂರು ಮುಸ್ಲಿಮ್ಸ್‌ಗೆ ಅಂಥ ಸದಸ್ಯಬಲ ಇದ್ದಿದ್ದರೆ ಅಹ್ಮದ್ ಖಾನ್ ಕಲ್ಕತ್ತೆಗೆ ಹೋದರೂ ಕ್ಲಬ್ಬು ಗಟ್ಟಿಯಾಗಿ ನಿಲ್ಲುತ್ತಿತ್ತೆಂದೇ ನನ್ನ ನಂಬಿಕೆ.

ಆಟಗಾರರಿಗೆ ಬರ ಬಂದಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. 1938ರಲ್ಲಿ ಶುರುವಾಗಿ ನಿಂತುಹೋಗಿದ್ದ ಬೆಂಗಳೂರಿನ ಸ್ಟಾಫರ್ಡ್ ಕಪ್ ಕೂಡ ಅದೇ ವರ್ಷ ಮತ್ತೆ ನಡೆಯಿತು. 2013ರಲ್ಲಿ ಜೆಎಸ್‌ಡಬ್ಲ್ಯೂ ಕಂಪನಿ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಹೆಸರಿನ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. ಮಂಡ್ಯ, ಮದ್ದೂರಿನ ಹುಡುಗರೂ ರೈಲು ಹತ್ತಿ ಆ ಗುಂಪು ಸೇರಬಹುದು, ಸೇರಲಿ. 2025ರ ಆಗಸ್ಟಿನಲ್ಲಿ ದೇಶದ ಅಗ್ರ ಲೀಗಾದ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಈ ಕ್ಲಬ್ಬೂ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಪಶ್ಚಿಮ ಗ್ಯಾಲರಿಯವರಿಗೆ ಆ ತೀರ್ಮಾನದಲ್ಲಿ ಒಂದು ಓಟೂ ಇರಲಿಲ್ಲ.