ಬಳೆಗಾರನ ಹಾಡು, ಕುಲುಮೆಯ ಮೌನ: ಮತ್ತೋಡಿನ ಗಾಜಿನ ಕೆಲಸದ ಒಂದು ಮರುಓದು

ಕನ್ನಡದ ಜನಪದ ಹಾಡುಗಳಲ್ಲಿ ಬಳೆಗಾರನಷ್ಟು ಸಲಿಗೆಯಿಂದ ಮನೆಯೊಳಗೆ ಬರುವ ಕಸುಬುದಾರ ಇನ್ನೊಬ್ಬನಿಲ್ಲ. ಮಲಾರ ಹೊತ್ತು ಊರೂರು ಸುತ್ತುವ ಅವನು ಹೆಣ್ಣಿನ ಕೈ ಹಿಡಿಯಬಲ್ಲ ಹೊರಗಿನ ಗಂಡಸು. ತವರಿಗೂ ಗಂಡನ ಮನೆಗೂ ನಡುವೆ ಸುದ್ದಿ ಒಯ್ಯುವವನು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಬಳೆಗಾರ ಚೆನ್ನಯ್ಯನನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ಓದುಗರಿಗೆ ಅವನ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಆದರೆ ಅವನು ಹೊತ್ತು ತಂದ ಬಳೆಗಳನ್ನು ಮಾಡಿದವರು ಯಾರು, ಎಲ್ಲಿ, ಯಾವ ಮಣ್ಣಿನಿಂದ, ಎಷ್ಟು ಸೌದೆ ಸುಟ್ಟು ಎಂಬ ಪ್ರಶ್ನೆಯನ್ನು ನಮ್ಮ ಹಾಡುಗಳು ಕೇಳುವುದಿಲ್ಲ. ಮಾರುವವನಿಗೆ ಸಾಹಿತ್ಯದಲ್ಲಿ ಸ್ಥಾನ ದೊರೆಯಿತು, ಮಾಡುವವನಿಗೆ ದೊರೆಯಲಿಲ್ಲ. ಈ ಅಸಮತೆಯೇ ಪ್ರಸ್ತುತ ಬರಹದ ವಸ್ತು.

ಮಾಡುವವನು ಕಾಣಿಸಿಕೊಳ್ಳುವುದು ಇಂಗ್ಲಿಷ್ ಗದ್ಯದಲ್ಲಿ, ಅದೂ ಒಬ್ಬ ಸ್ಕಾಟಿಷ್ ವೈದ್ಯನ ದಿನಚರಿಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. 1801ರಲ್ಲಿ ಮುಗಿದ ಆ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರಲ್ಲಿ ‘ಮುತೆಓಡು’ ಎಂದು ಕಾಣಿಸುವ ಊರೇ ಇಂದಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡು. ಹಿಂದೆ ಪಾಳೆಯಗಾರರ ನೆಲೆಯಾಗಿದ್ದ ಊರು. ಊರಗೋಡೆಯ ಒಳಮಗ್ಗುಲಿಗೆ ಒತ್ತಿ ಕಟ್ಟಿದ ಎತ್ತರದ ಜಗಲಿಯಲ್ಲಿ ಗುಮ್ಮಟದಾಕಾರದ ಕುಲುಮೆಗಳಿದ್ದವು. ಅಲ್ಲಿ ಹೆಂಗಸರ ಕೈಬಳೆಗಳಿಗಾಗಿ ಗಾಜು ಕರಗಿಸುತ್ತಿದ್ದರು. ಒರಟಾದ, ಬೆಳಕು ಹಾಯದ ಗಾಜು ಎಂದು ಬುಕಾನನ್ ಬರೆಯುತ್ತಾನೆ. ಬಣ್ಣಗಳು ಐದು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿದ್ದುದು ಕಪ್ಪಿಗೆ.

ಈ ಕೊನೆಯ ಮಾತು ಸಾಹಿತ್ಯದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಬೇಕು. ನಮ್ಮ ಹಾಡುಗಳ ಬಳೆ ಹಸಿರು. ಮದುವೆಯ ಬಳೆ ಹಸಿರು, ಸೀಮಂತದ ಬಳೆ ಹಸಿರು. ಹಾಡನ್ನು ಮಾತ್ರ ಆಕರವಾಗಿಟ್ಟುಕೊಂಡರೆ ಹಳೆಯ ಕನ್ನಡನಾಡಿನ ಮುಂಗೈಗಳೆಲ್ಲ ಹಸಿರಾಗಿದ್ದವೆಂದೇ ತಿಳಿಯಬೇಕಾಗುತ್ತದೆ. ಕುಲುಮೆ ಹೇಳುವುದು ಬೇರೆ. ಕಬ್ಬಿಣದ ಅಂಶ ಬೆರೆತ ಮಣ್ಣು ಮರಳಿನಿಂದ ಕಪ್ಪು ಗಾಜನ್ನು ಸುಲಭವಾಗಿ ಪಡೆಯಬಹುದು. ಸುಲಭವಾದುದು ಅಗ್ಗವೂ ಆಗಿರುತ್ತದೆ. ಹಬ್ಬದ ದಿನ ತೊಟ್ಟ ಬಳೆ ಹಾಡಾಯಿತು, ಹೊಲಗೆಲಸದ ಕೈಯಲ್ಲಿದ್ದ ದಿನನಿತ್ಯದ ಬಳೆ ಲೆಕ್ಕದ ಪುಸ್ತಕದಲ್ಲಿ ಉಳಿಯಿತು ಎಂದು ನಾನು ಊಹಿಸುತ್ತೇನೆ. ಎರಡೂ ಆಕರಗಳು ಸುಳ್ಳಾಡುತ್ತಿಲ್ಲ. ಅವು ಬೇರೆ ಬೇರೆ ದಿನಗಳ ಮಾತಾಡುತ್ತಿವೆ.

ಇನ್ನು ಕೆಲಸದ ವಿಷಯ. ಬೆಣಚುಕಲ್ಲಿನ ಪುಡಿ ತಾನಾಗಿಯೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೌದೆಯ ಬೆಂಕಿಗೆ ಇದು ಅಸಾಧ್ಯ. ಕ್ಷಾರ ಬೆರೆಸಿದರೆ ಕರಗುವ ಶಾಖ ಬಹಳ ಕೆಳಗಿಳಿಯುತ್ತದೆ. ಆ ಕ್ಷಾರ ಬರುತ್ತಿದ್ದುದು ಬಯಲುಸೀಮೆಯ ನೆಲದ ಮೇಲೆ ಒಣ ತಿಂಗಳುಗಳಲ್ಲಿ ಬೆಳ್ಳಗೆ ಉಕ್ಕುವ ಸೌಳು ಮಣ್ಣಿನಿಂದ. ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದುದೂ ಇದನ್ನೇ. ರೈತನಿಗೆ ಅದು ಕೆಟ್ಟ ನೆಲ. ಅಗಸನಿಗೂ ಗಾಜಿನವನಿಗೂ ಕಸುಬಿನ ಮೂಲ. ಹೀಗಾಗಿ ಗಾಜಿನ ಕೆಲಸ ಎಲ್ಲೆಂದರಲ್ಲಿ ನೆಲೆಯೂರುವಂತಿರಲಿಲ್ಲ. ಸೌಳು, ಬೆಣಚು, ಕಬ್ಬಿಣದ ಅದಿರು, ಸೌದೆ ಇವೆಲ್ಲ ಎತ್ತಿನ ಗಾಡಿ ಹೋಗಿಬರುವ ದೂರದಲ್ಲಿ ಸಿಗಬೇಕು. ಮಳೆಗಾಲ ಬಂದರೆ ಸೌಳು ಕರಗಿ ಹೋಗುತ್ತದೆ, ಸೌದೆ ಹಸಿಯಾಗುತ್ತದೆ. ಕುಲುಮೆ ಹೊತ್ತಿಸಿದರೆ ನಡುವೆ ಆರಿಸುವಂತಿಲ್ಲ; ಅರೆ ಕರಗಿದ ಗಾಜು ಮೂಸೆಯ ಜೊತೆಗೇ ಹಾಳು. ಇಂಥ ಕಾರ್ಖಾನೆ ನಡೆಸುವವನು ಬೆಂಕಿಯನ್ನಷ್ಟೇ ಅಲ್ಲ, ಋತುವನ್ನೂ ಸೌದೆಯವರ ಬಾಕಿಯನ್ನೂ ಬಲ್ಲವನಾಗಿರಬೇಕಿತ್ತು.

ಇಲ್ಲೊಂದು ಸ್ಪಷ್ಟನೆ ಅಗತ್ಯ. ಗಾಜಿನ ಕೈಗೆಲಸವೆಂದೊಡನೆ ಊದುಗೊಳವೆ ಹಿಡಿದ ಕಲಾವಿದನ ಚಿತ್ರ ಇಂದು ಕಣ್ಣಮುಂದೆ ಬರುತ್ತದೆ. ಗಾಜು ಊದುವ ವಿದ್ಯೆ ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ ಪ್ಯಾಲೆಸ್ತೀನ್ ಕರಾವಳಿಯಲ್ಲಿ ಹುಟ್ಟಿ ರೋಮನ್ನರ ಮೂಲಕ ಹರಡಿತು. ದಖನ್ನಿನ ಬಳೆ ಕೆಲಸ ಆ ಪರಂಪರೆಗೆ ಸೇರಿದ್ದಲ್ಲ. ಇಲ್ಲಿ ಉಸಿರಿಗಿಂತ ಮಣಿಕಟ್ಟು ಮುಖ್ಯ. ಕಬ್ಬಿಣದ ಸಲಾಕೆಯ ತುದಿಯಲ್ಲಿ ಕರಗಿದ ಗಾಜಿನ ಉಂಡೆ ಎತ್ತಿ, ಅದಕ್ಕೆ ತೂತು ಮಾಡಿ, ಮೊನಚಾದ ಅಚ್ಚಿನ ಮೇಲೆ ತಿರುಗಿಸುತ್ತ ಹಿಗ್ಗಿಸಿದರೆ ಬೆಸುಗೆಯೇ ಇಲ್ಲದ ಬಳೆ ಸಿದ್ಧ. ಬಳೆಯ ಅಳತೆ ತೀರ್ಮಾನವಾಗುವುದು ಅಚ್ಚಿನ ಮೇಲೆ ಅದು ಎಷ್ಟು ಕೆಳಗೆ ಇಳಿಯಿತು ಎಂಬುದರಿಂದ. ಗಾಜು ತಣಿಯುವ ಮುನ್ನ ಕೆಲವೇ ಗಳಿಗೆಗಳಲ್ಲಿ ಇದೆಲ್ಲ ಮುಗಿಯಬೇಕು.

ಈ ಸಲಾಕೆಗೆ, ಈ ಅಚ್ಚಿಗೆ, ಗಾಜು ಹದಕ್ಕೆ ಬಂದುದನ್ನು ತಿಳಿಸುವ ಆ ಬಣ್ಣಕ್ಕೆ ಮತ್ತೋಡಿನವರು ಏನೆನ್ನುತ್ತಿದ್ದರು? ಬುಕಾನನ್ ಸೌಳಿನಂಥ ಪದಗಳನ್ನು ತನ್ನ ಕಾಗುಣಿತದಲ್ಲಿ ಹಿಡಿದಿಟ್ಟ. ಕಂಪನಿಗೆ ಬೇಕಾಗಿದ್ದುದು ಕಚ್ಚಾವಸ್ತುವಿನ ಹೆಸರು. ಕೈಚಳಕದ ಹೆಸರು ಯಾರಿಗೂ ಬೇಕಿರಲಿಲ್ಲ. ಒಬ್ಬ ಕೆಲಸಗಾರನ ಹೆಸರೂ ಅಲ್ಲಿಲ್ಲ. ಮಾರಾಟದ ಕನ್ನಡ ನಮ್ಮಲ್ಲಿ ಸಮೃದ್ಧವಾಗಿ ಉಳಿದಿದೆ: ಮಲಾರ, ತೊಡಿಸು, ಗೀರಿನ ಬಳೆ, ಚುಕ್ಕಿ ಬಳೆ. ತಯಾರಿಕೆಯ ಕನ್ನಡ ಕುಲುಮೆಯೊಂದಿಗೇ ತಣ್ಣಗಾಯಿತು.

ಗಡಿಯ ಈಚೆ ಇರುವ ಓದುಗರಿಗೆ ಈ ಪದಗಳ ಮಾತು ಇನ್ನೊಂದು ಬಗೆಯಲ್ಲಿ ತಟ್ಟಬಹುದು. ‘ಬಳೆ’ ಎಂಬುದು ತಮಿಳಿನ ‘ವಳೈ’, ಮಲಯಾಳದ ‘ವಳ’ಗಳ ಒಡಹುಟ್ಟು, ‘ಬಳಸು’ ಎಂಬುದರೊಂದಿಗೆ ನಂಟುಳ್ಳದ್ದು. ಅದು ಆಕಾರದ ಹೆಸರು. ತೆಲುಗಿನ ‘ಗಾಜು’ ವಸ್ತುವಿನ ಹೆಸರು. ಸಂಸ್ಕೃತದ ‘ಕಾಚ’ದಿಂದ ಬಂದು ಕನ್ನಡದಲ್ಲಿ ಗಾಜಾಗಿಯೇ ಉಳಿದ ಪದ, ತೆಲುಗಿನಲ್ಲಿ ಗಾಜೂ ಹೌದು, ಬಳೆಯೂ ಹೌದು. ‘ಬಂಗಾರು ಗಾಜುಲು’ ಎಂಬುದನ್ನು ಕನ್ನಡ ಕಿವಿಯಿಂದ ಕೇಳಿದರೆ ‘ಚಿನ್ನದ ಗಾಜು’ ಎಂಬ ವಿಚಿತ್ರ ಅರ್ಥ ಬರುತ್ತದೆ. ತಾಂಡೂರು, ದೌಲತಾಬಾದ್, ಜಹೀರಾಬಾದ್, ನಾರಾಯಣಖೇಡಗಳ ದ್ವಿಭಾಷಿಕರು ಈ ಎರಡು ಅರ್ಥಗಳ ನಡುವೆ ದಿನವೂ ಓಡಾಡುತ್ತಾರೆ. ಅಂಗಡಿಯಲ್ಲಿ ಅದಕ್ಕೆ ‘ಚೂಡಿ’ಯೂ ಸೇರಿಕೊಳ್ಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು ಹಾಗೂ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿಗೆರೆ ಎಳೆದವರು ಮಾತೃಭಾಷೆಯ ಅಂಕಿಗಳನ್ನು ನೋಡಿದರು. ಮನೆಯಲ್ಲೊಂದು, ಕೆಲಸದ ಜಾಗದಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಕಸುಬುದಾರನನ್ನು ಅಂಥ ಅಂಕಿ ಒಂದೇ ಮನೆಯಲ್ಲಿ ಕೂರಿಸುತ್ತದೆ.

ಗಾಜಿನ ನೆನಪಂತೂ ಈ ಭಾಗಕ್ಕೆ ಹೊಸದಲ್ಲ. ಜಹೀರಾಬಾದಿನಿಂದ ಹೈದರಾಬಾದಿನ ಕಡೆ ಹೋಗುವಾಗ ಸಿಗುವ ಸಂಗಾರೆಡ್ಡಿಯ ಸಮೀಪದ ಕೊಂಡಾಪುರದಲ್ಲಿ 1940ರ ದಶಕದ ಆರಂಭದಲ್ಲಿ ನಿಜಾಮ್ ಸಂಸ್ಥಾನದ ಪುರಾತತ್ತ್ವ ಇಲಾಖೆ ಉತ್ಖನನ ನಡೆಸಿತು. ಶಾತವಾಹನರ ಕಾಲದ ಆ ನೆಲೆಯಲ್ಲಿ ದೊರೆತ ಮಣಿಗಳನ್ನು ಕುರಿತು ಮೋರೇಶ್ವರ ಗಂಗಾಧರ ದೀಕ್ಷಿತರು 1952ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಭಾರತದ ಗಾಜಿನ ಇತಿಹಾಸವನ್ನು ಕುರಿತ ಅವರ ದೊಡ್ಡ ಕೃತಿ 1969ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಬಂತು. ಹಾಡಿನಲ್ಲಿ ಸಿಗದ ಕೆಲಸಗಾರ ಮಣ್ಣಿನಲ್ಲಿ ಸಿಗುತ್ತಾನೆ: ಒಡೆದ ಮಣಿ, ಕರಗಿ ಅಂಟಿದ ಮೂಸೆಚೂರು, ಕಿಟ್ಟದ ರೂಪದಲ್ಲಿ. ಆದರೆ ಮಣ್ಣು ಪದಗಳನ್ನು ಉಳಿಸುವುದಿಲ್ಲ.

ಮತ್ತೋಡಿನ ಹೆಸರು 19ನೇ ಶತಮಾನದ ಕೊನೆಯ ಗೆಜೆಟಿಯರುಗಳಲ್ಲೂ ಬಳೆಯ ಜೊತೆಗೇ ಬರುತ್ತದೆ. ಅಷ್ಟರಲ್ಲಿ ಆಸ್ಟ್ರಿಯಾ ಹಂಗೆರಿ ಸಾಮ್ರಾಜ್ಯದ ಬೊಹೀಮಿಯಾದ ಗಾಬ್ಲೋನ್ಜ್ ಪಟ್ಟಣದ ಬಳೆಗಳು ಹಡಗಿನಲ್ಲಿ ಬಂದಿಳಿಯತೊಡಗಿದ್ದವು. ತೆಳು, ಹೊಳಪು, ನೂರು ಬಣ್ಣ. ಸೌಳಿನ ಒರಟು ಗಾಜು ಅದರೆದುರು ನಿಲ್ಲಲಿಲ್ಲ. ಸ್ವದೇಶಿ ಚಳವಳಿಯ ಬಿಸಿಯಲ್ಲಿ, 1908ರಲ್ಲಿ, ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಹುಟ್ಟಿತು. ಮೊದಲ ಮಹಾಯುದ್ಧ ಆಸ್ಟ್ರಿಯಾದ ಆಮದನ್ನು ನಿಲ್ಲಿಸಿದಾಗ ಲಾಭವಾದುದು ಫಿರೋಜಾಬಾದಿಗೆ. ಆ ಹೊತ್ತಿಗೆ ಹಳ್ಳಿಯ ಕುಲುಮೆಗಳು ಈ ಪೈಪೋಟಿಯ ಲೆಕ್ಕಕ್ಕೇ ಇರಲಿಲ್ಲ.

ಬಳೆಗಾರನಿಗೆ ಇದರಿಂದ ಕಸುಬೇನೂ ತಪ್ಪಲಿಲ್ಲ. ಅವನು ಸರಕು ಬದಲಿಸಿದ. ಮಲಾರ ಅದೇ, ದಾರಿ ಅದೇ, ಕೈ ಹಿಡಿದು ತೊಡಿಸುವ ಕ್ರಮವೂ ಅದೇ. 1942ರಲ್ಲಿ ಚೆನ್ನಯ್ಯ ಬಾಗಿಲಿಗೆ ಬಂದಾಗ ಅವನ ಬಳಿ ಇದ್ದ ಬಳೆಗಳು ಫಿರೋಜಾಬಾದಿನವಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಅವನು ಹೇಳುವುದಿಲ್ಲ, ಒಳಗಿನವರು ಕೇಳುವುದೂ ಇಲ್ಲ.