ಕುದುರೆಮುಖ ರಾಷ್ಟ್ರೀಯ ಉದ್ಯಾನವನ

ಕುದುರೆಮುಖ ರಾಷ್ಟ್ರೀಯ ಉದ್ಯಾನವನವು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿರುವ ಒಂದು ಸಂರಕ್ಷಿತ ಅರಣ್ಯ ಪ್ರದೇಶ. ಸುಮಾರು 600 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಉದ್ಯಾನವನವು ಚಿಕ್ಕಮಗಳೂರು, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಎತ್ತರದ ಹುಲ್ಲುಗಾವಲು, ಕಣಿವೆಗಳ ಶೋಲಾ ಕಾಡು ಹಾಗೂ ಇಳಿಜಾರುಗಳ ನಿತ್ಯಹರಿದ್ವರ್ಣ ಕಾಡು ಒಂದೆಡೆ ಕೂಡಿರುವುದು ಇದರ ವೈಶಿಷ್ಟ್ಯ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಮೂಲ ಪ್ರದೇಶವೂ ಇದೇ ಆಗಿದೆ. ಅಳಿವಿನಂಚಿನಲ್ಲಿರುವ ಸಿಂಗಳೀಕದ ಪ್ರಮುಖ ನೆಲೆಯಾಗಿಯೂ, ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬೃಹತ್ ಕಬ್ಬಿಣದ ಅದಿರು ಗಣಿಗಾರಿಕೆ ನಿಂತುಹೋದ ಸ್ಥಳವಾಗಿಯೂ ಈ ಪ್ರದೇಶ ಹೆಸರಾಗಿದೆ.

ಹೆಸರು

ಉದ್ಯಾನವನಕ್ಕೆ ಕುದುರೆಮುಖ ಶಿಖರದಿಂದ ಈ ಹೆಸರು ಬಂದಿದೆ. ಸುಮಾರು 1,894 ಮೀಟರ್ ಎತ್ತರದ ಈ ಶಿಖರವು ಒಂದು ಬದಿಯಿಂದ ಕುದುರೆಯ ಮುಖದಂತೆ ಕಾಣುತ್ತದೆ. ಅರಬ್ಬೀ ಸಮುದ್ರದಲ್ಲಿ ಸಂಚರಿಸುತ್ತಿದ್ದ ನಾವಿಕರಿಗೆ ಇದು ದಿಕ್ಕು ತಿಳಿಸುವ ಗುರುತಾಗಿತ್ತು. ಸಂಸೆ ಗ್ರಾಮದ ಕಡೆಯಿಂದ ಶಿಖರವನ್ನು ಏರುತ್ತಿದ್ದುದರಿಂದ ಇದಕ್ಕೆ ಸಂಸೆ ಪರ್ವತ ಎಂಬ ಹಳೆಯ ಹೆಸರೂ ಇದೆ.

ಭೌಗೋಳಿಕ ಲಕ್ಷಣಗಳು

ಉದ್ಯಾನವನವು ಘಟ್ಟದ ಅಂಚಿನ ಉದ್ದಕ್ಕೂ ಚಾಚಿಕೊಂಡಿದೆ. ಪಶ್ಚಿಮ ದಿಕ್ಕಿನಲ್ಲಿ ಬೆಟ್ಟಗಳು ಕಾರ್ಕಳ ಮತ್ತು ಬೆಳ್ತಂಗಡಿ ತಾಲೂಕುಗಳ ಬಯಲಿನತ್ತ ಕಡಿದಾಗಿ ಇಳಿಯುತ್ತವೆ. ಪೂರ್ವ ದಿಕ್ಕಿನಲ್ಲಿ ಅವು ಅಲೆಯಲೆಯಾಗಿ ಕಳಸ ಮತ್ತು ಮೂಡಿಗೆರೆಯ ಕಾಫಿ, ಅಡಿಕೆ ಮತ್ತು ಚಹಾ ತೋಟಗಳಲ್ಲಿ ಕೊನೆಗೊಳ್ಳುತ್ತವೆ. ಉತ್ತರದಲ್ಲಿ ಸೋಮೇಶ್ವರ ವನ್ಯಜೀವಿಧಾಮವೂ ದಕ್ಷಿಣದಲ್ಲಿ ಚಾರ್ಮಾಡಿ ಘಾಟಿಯ ಕಾಡುಗಳೂ ಇವೆ.

ನೈಋತ್ಯ ಮಾರುತಗಳು ನೇರವಾಗಿ ಘಟ್ಟದ ಗೋಡೆಗೆ ಬಡಿಯುವುದರಿಂದ ಇಲ್ಲಿ ಮಳೆ ಅತ್ಯಧಿಕ. ಎತ್ತರದ ಭಾಗಗಳಲ್ಲಿ ವರ್ಷಕ್ಕೆ ಆರರಿಂದ ಏಳು ಸಾವಿರ ಮಿಲಿಮೀಟರ್‌ವರೆಗೂ ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ.

ನದಿಗಳು

ಗಂಗಾಮೂಲ ಅಥವಾ ವರಾಹ ಪರ್ವತವೆಂದು ಕರೆಯುವ ಬೆಟ್ಟವನ್ನು ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಪರಿಗಣಿಸಲಾಗುತ್ತದೆ. ವಿಷ್ಣುವಿನ ವರಾಹಾವತಾರದೊಡನೆ ಈ ನದಿಗಳ ಹುಟ್ಟನ್ನು ಜೋಡಿಸುವ ಐತಿಹ್ಯವಿದೆ. ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಈ ನದಿಗಳ ದಾರಿ ಬೇರೆ ಬೇರೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ತುಂಗೆಯು ಶೃಂಗೇರಿ ಮತ್ತು ತೀರ್ಥಹಳ್ಳಿಗಳ ಮೂಲಕ ಸಾಗುತ್ತದೆ. ಭದ್ರೆಯು ಕುದುರೆಮುಖ, ಕಳಸ ಮತ್ತು ಬಾಳೆಹೊನ್ನೂರುಗಳನ್ನು ದಾಟಿ ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ತಲುಪುತ್ತದೆ. ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗಾ ಮತ್ತು ಭದ್ರಾ ಸಂಗಮಿಸಿ ತುಂಗಭದ್ರೆಯಾಗಿ ಮುಂದೆ ಕೃಷ್ಣಾ ನದಿಯನ್ನು ಸೇರುತ್ತವೆ.

ಮಳೆಗಾಲದಲ್ಲಿ ಭದ್ರೆಯ ಮಟ್ಟ ಬಹುಬೇಗ ಏರುತ್ತದೆ. ಕಳಸ ಮತ್ತು ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿ ಎರಡೂ ಊರುಗಳ ಸಂಪರ್ಕ ಕಡಿದುಹೋದ ಸಂದರ್ಭಗಳು ಅನೇಕ.

ಹುಲ್ಲುಗಾವಲು ಮತ್ತು ಶೋಲಾ ಕಾಡು

ಬೆಟ್ಟಗಳ ನೆತ್ತಿ ಮತ್ತು ತೆರೆದ ಇಳಿಜಾರುಗಳಲ್ಲಿ ಹುಲ್ಲುಗಾವಲೂ, ನೀರು ಹರಿಯುವ ಮಡಿಕೆಗಳಲ್ಲಿ ದಟ್ಟವಾದ ಗಿಡ್ಡ ಮರಗಳ ಕಾಡೂ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಈ ಕಾಡನ್ನು ಶೋಲಾ ಎನ್ನುತ್ತಾರೆ. ಎರಡರ ನಡುವಿನ ಗಡಿಯು ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ನೆತ್ತಿಯ ತೆಳುವಾದ ಮಣ್ಣು, ಬಿರುಗಾಳಿ, ಬೇಸಿಗೆಯ ಬೆಂಕಿ ಇವು ಮರದ ಸಸಿಗಳು ಬೇರೂರದಂತೆ ತಡೆಯುತ್ತವೆ. ಕಣಿವೆಯ ಆಳವಾದ ಮಣ್ಣು ಮತ್ತು ತೇವಾಂಶದಲ್ಲಿ ಮರಗಳು ಉಳಿದುಕೊಳ್ಳುತ್ತವೆ.

ಘಟ್ಟಗಳ ಹುಲ್ಲುಗಾವಲುಗಳು ಮನುಷ್ಯ ಕಾಡು ಕಡಿದು ಸುಟ್ಟದ್ದರಿಂದ ಉಂಟಾದವು ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ನೀಲಗಿರಿಯ ಜೌಗು ಮಣ್ಣಿನಲ್ಲಿರುವ ಇಂಗಾಲದ ಐಸೊಟೋಪ್‌ಗಳ ಅಧ್ಯಯನವು ಅಲ್ಲಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ ಹುಲ್ಲು ಇತ್ತೆಂದು ತೋರಿಸಿತು. ಹವಾಮಾನವು ಒಣಗಿದಾಗ ಹುಲ್ಲು ಹಬ್ಬಿ, ತೇವ ಹೆಚ್ಚಿದಾಗ ಕಾಡು ಮುಂದುವರಿದಿರುವುದು ಇದರಿಂದ ತಿಳಿದುಬಂದಿತು. ಆದ್ದರಿಂದ ಹುಲ್ಲುಗಾವಲನ್ನು ಕೆಟ್ಟುಹೋದ ಕಾಡೆಂದು ಭಾವಿಸದೆ, ಸ್ವತಂತ್ರವಾದ ಪ್ರಾಚೀನ ಜೀವಿನೆಲೆಯೆಂದು ಈಗ ಗುರುತಿಸಲಾಗುತ್ತದೆ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಸಂರಕ್ಷಣೆಯಲ್ಲ ಎಂಬ ವಾದಕ್ಕೆ ಇದೇ ಆಧಾರ.

ಪ್ರಾಣಿ ಸಂಪತ್ತು

ಸಿಂಗಳೀಕವು ಇಲ್ಲಿನ ಅತಿ ಮುಖ್ಯ ಪ್ರಾಣಿ. ಕಪ್ಪು ಮೈ ಮತ್ತು ಮುಖದ ಸುತ್ತ ಬೂದು ಕೇಸರವಿರುವ ಈ ಕೋತಿಯು ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಇದು ಬಹುತೇಕ ಮರಗಳ ಮೇಲೆಯೇ ಬದುಕುತ್ತದೆ. ವರ್ಷವಿಡೀ ಒಂದಲ್ಲ ಒಂದು ಹಣ್ಣು ದೊರೆಯುವ ಅಖಂಡ ನಿತ್ಯಹರಿದ್ವರ್ಣ ಕಾಡು ಇದಕ್ಕೆ ಅಗತ್ಯ. ರಸ್ತೆ, ತೋಟ ಅಥವಾ ಗಣಿಯಿಂದ ಮರಗಳ ಮೇಲ್ಛಾವಣಿ ತುಂಡಾದರೆ ಗುಂಪುಗಳು ಪರಸ್ಪರ ಬೇರ್ಪಡುತ್ತವೆ.

ಹುಲಿ, ಚಿರತೆ, ಕಾಡುನಾಯಿ, ಕರಡಿ, ಕಾಟಿ, ಕಡವೆ, ಕಾಡುಕುರಿ, ಬರ್ಕ ಮತ್ತು ಕೆಂಜಳಿಲು ಇಲ್ಲಿನ ಇತರ ಸಸ್ತನಿಗಳು. ಕಾಟಿ ಮತ್ತು ಕಡವೆಗಳು ಮೇಯಲು ಹುಲ್ಲುಗಾವಲಿಗೆ ಬಂದು ನೆರಳಿಗೆ ಶೋಲಾ ಕಾಡನ್ನು ಸೇರುತ್ತವೆ. ಹಕ್ಕಿಗಳಲ್ಲಿ ದೊಡ್ಡ ದಾಸಮಂಗಟ್ಟೆ, ಮಲಬಾರ್ ಟ್ರೋಗನ್ ಮತ್ತು ಮಲಬಾರ್ ಸಿಳ್ಳಾರ ಮುಖ್ಯವಾದವು.

ತೊರೆಗಳು ಹಲವು ಸ್ಥಳೀಯ ಕಪ್ಪೆ ಪ್ರಭೇದಗಳಿಗೆ ಆಶ್ರಯ ನೀಡಿವೆ. ಘಟ್ಟದ ತೊರೆಗಳಲ್ಲಿ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಸಂಜ್ಞೆ ನೀಡುವ ಕುಣಿಯುವ ಕಪ್ಪೆಗಳಿವೆ. ಅವುಗಳಲ್ಲೊಂದಕ್ಕೆ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಸಮೀಪದ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಹೆಸರನ್ನು ಇಟ್ಟರು. ಹರಿಯುವ ತಿಳಿನೀರನ್ನೇ ಅವಲಂಬಿಸಿದ ಇಂತಹ ಜೀವಿಗಳಿಗೆ ತೊರೆಯಲ್ಲಿ ಹೂಳು ತುಂಬುವುದು ದೊಡ್ಡ ಅಪಾಯ.

ಇತಿಹಾಸ

ಬ್ರಿಟಿಷರ ಕಾಲದಲ್ಲಿ ಘಟ್ಟದ ಪಶ್ಚಿಮ ಭಾಗವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೂ ಪೂರ್ವ ಭಾಗವು ಮೈಸೂರು ಸಂಸ್ಥಾನಕ್ಕೂ ಸೇರಿತ್ತು. ಮಂಗಳೂರಿನ ಅಧಿಕಾರಿಗಳು ಕುದುರೆಮುಖ ಶಿಖರವನ್ನು ಬೇಸಿಗೆಯ ತಂಗುದಾಣವಾಗಿ ಬಳಸುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಕಾಡುಗಳ ಭಾಗಗಳನ್ನು ಕಾಯ್ದಿಟ್ಟ ಅರಣ್ಯವೆಂದು ಘೋಷಿಸಲಾಯಿತು. 1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಇಲ್ಲಿನ ಕಬ್ಬಿಣದ ಅದಿರನ್ನು ಗುರುತಿಸಿದರು. ದುರ್ಗಮ ನೆಲ ಮತ್ತು ಅದಿರಿನ ಕಡಿಮೆ ಗುಣಮಟ್ಟದಿಂದಾಗಿ ಹಲವು ದಶಕಗಳ ಕಾಲ ಅದನ್ನು ತೆಗೆಯಲಾಗಲಿಲ್ಲ.

ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಆರಂಭದಲ್ಲಿ ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ನಡೆಸಿ, ಅವುಗಳ ಉಳಿವಿಗೆ ಈ ಪ್ರದೇಶದ ಮಳೆಕಾಡುಗಳು ಎಷ್ಟು ಮುಖ್ಯವೆಂಬುದನ್ನು ತೋರಿಸಿದರು. ರಾಜ್ಯ ಸರ್ಕಾರವು 1987ರಲ್ಲಿ ರಾಷ್ಟ್ರೀಯ ಉದ್ಯಾನವನದ ಪ್ರಾಥಮಿಕ ಅಧಿಸೂಚನೆಯನ್ನು, 2001ರಲ್ಲಿ ಅಂತಿಮ ಅಧಿಸೂಚನೆಯನ್ನು ಹೊರಡಿಸಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು.

ಗಣಿಗಾರಿಕೆ ಮತ್ತು ನ್ಯಾಯಾಲಯದ ತೀರ್ಪು

ಕೇಂದ್ರ ಸರ್ಕಾರದ ಉದ್ಯಮವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು 1976ರಲ್ಲಿ ಸ್ಥಾಪನೆಯಾಯಿತು. ಅದಿರಿನ ಸಾಂದ್ರವನ್ನು ಖರೀದಿಸುವ ಮತ್ತು ಯೋಜನೆಗೆ ಸಾಲ ಒದಗಿಸುವ ಒಪ್ಪಂದವನ್ನು ಇರಾನ್ ಮಾಡಿಕೊಂಡಿತ್ತು. 1979ರ ಕ್ರಾಂತಿಯ ಸುಮಾರಿಗೆ ಇರಾನ್ ಹಿಂದೆ ಸರಿದುದರಿಂದ ಕಂಪನಿಯು ಬೇರೆ ಖರೀದಿದಾರರನ್ನು ಹುಡುಕಬೇಕಾಯಿತು. ಸ್ಥಾವರವು 1980ರಲ್ಲಿ ಸಿದ್ಧವಾಯಿತು.

ಇಲ್ಲಿನ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 38ರ ಆಸುಪಾಸಿನಲ್ಲಿತ್ತು. ಆದ್ದರಿಂದ ಅದಿರನ್ನು ಪುಡಿಮಾಡಿ, ಕಬ್ಬಿಣಾಂಶವನ್ನು ಬೇರ್ಪಡಿಸಿ, ನೀರಿನೊಡನೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಹರಿಸಲಾಗುತ್ತಿತ್ತು. ಉಳಿದ ಕೆಸರನ್ನು ತಡೆದಿಡಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟನ್ನು ಕಟ್ಟಲಾಯಿತು. ಕಾರ್ಮಿಕರಿಗಾಗಿ ಮಲ್ಲೇಶ್ವರದಲ್ಲಿ ಶಾಲೆ, ಆಸ್ಪತ್ರೆಗಳುಳ್ಳ ಪಟ್ಟಣ ತಲೆಯೆತ್ತಿತು. ಸಾವಿರಾರು ಕುಟುಂಬಗಳು ಈ ಉದ್ಯಮವನ್ನು ಅವಲಂಬಿಸಿದ್ದವು.

ತೆರೆದ ಗಣಿಯ ಮಣ್ಣು ಭಾರಿ ಮಳೆಗೆ ಕೊಚ್ಚಿಕೊಂಡು ಭದ್ರೆಗೆ ಸೇರುತ್ತಿರುವುದು ವಿವಾದದ ಕೇಂದ್ರವಾಯಿತು. ಗಣಿಯು ಜಲಾನಯನದ ಸಣ್ಣ ಭಾಗವಾಗಿದ್ದರೂ ನದಿಯ ಹೂಳಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದೆಯೆಂದು ವೈಜ್ಞಾನಿಕ ಅಧ್ಯಯನವೊಂದು ತೋರಿಸಿತು. ಗಣಿ ಗುತ್ತಿಗೆಯ ಅವಧಿಯು 1999ರಲ್ಲಿ ಮುಗಿದಾಗ ಪರಿಸರ ಸಂಘಟನೆಗಳು ಅದರ ನವೀಕರಣವನ್ನು ವಿರೋಧಿಸಿದವು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ. ಎಂ. ಚಿಣ್ಣಪ್ಪ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. 2002ರ ಅಕ್ಟೋಬರ್ 30ರಂದು ನ್ಯಾಯಾಲಯವು 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಅದರಂತೆ 2005ರ ಡಿಸೆಂಬರ್ 31ರಂದು ಗಣಿ ಮುಚ್ಚಿತು. ಅನಂತರ ಪಟ್ಟಣದ ಬಹುಪಾಲು ಮನೆಗಳು ಖಾಲಿಯಾದವು. ಲಕ್ಯಾ ಅಣೆಕಟ್ಟು ಮತ್ತು ಅದರ ಹಿಂದೆ ಶೇಖರವಾದ ಕೆಸರು ಇಂದಿಗೂ ಉಳಿದಿವೆ.

ಜನವಸತಿ

ಉದ್ಯಾನವನದ ಗಡಿಯೊಳಗೆ ಮಲೆಕುಡಿಯರು, ಗೌಡಲು ಮತ್ತಿತರ ಸಮುದಾಯಗಳು ಬಹುಕಾಲದಿಂದ ವಾಸಿಸುತ್ತಿವೆ. ಬೇಸಾಯ, ಜೇನು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಮತ್ತು ತೋಟದ ಕೂಲಿ ಇವರ ಜೀವನಾಧಾರ. ಉದ್ಯಾನವನದ ಘೋಷಣೆಯಿಂದ ಒಕ್ಕಲೆಬ್ಬಿಸುವ ಭೀತಿ ಹುಟ್ಟಿ, 1990ರ ದಶಕದ ಕೊನೆಯಿಂದ ವಿರೋಧ ಚಳವಳಿಗಳು ನಡೆದವು. ಇದೇ ಅಸಮಾಧಾನದ ಹಿನ್ನೆಲೆಯಲ್ಲಿ ನಕ್ಸಲೀಯ ಚಟುವಟಿಕೆಯೂ ಬೆಳೆಯಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಮಹಿಳೆಯರು ಬಲಿಯಾದರು.

ಸ್ವಇಚ್ಛೆಯಿಂದ ಹೊರಬರುವ ಕುಟುಂಬಗಳಿಗೆ ಸರ್ಕಾರವು ಪುನರ್ವಸತಿ ಪರಿಹಾರ ನೀಡುತ್ತಿದೆ. ಒಳಗೆ ಉಳಿದವರಿಗೆ ರಸ್ತೆ, ಸೇತುವೆ ಮತ್ತು ವಿದ್ಯುತ್ತಿನ ಕೊರತೆ ಮುಖ್ಯ ಸಮಸ್ಯೆ. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಭೂಮಿಯ ಹಕ್ಕು ಕೇಳಲು ಅವಕಾಶ ಕಲ್ಪಿಸಿದೆ. ಕುದುರೆಮುಖವನ್ನು ಹುಲಿ ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವಕ್ಕೂ ಸ್ಥಳೀಯರಿಂದ ವಿರೋಧ ವ್ಯಕ್ತವಾಗಿದೆ.

ನಿರ್ವಹಣೆ ಮತ್ತು ಪ್ರವಾಸ

ಉದ್ಯಾನವನವು ಕಾರ್ಕಳದಲ್ಲಿ ಕೇಂದ್ರ ಕಚೇರಿಯುಳ್ಳ ಕುದುರೆಮುಖ ವನ್ಯಜೀವಿ ವಿಭಾಗದ ಆಡಳಿತದಲ್ಲಿದೆ. ಕಾಳ್ಗಿಚ್ಚು, ಕಳ್ಳಬೇಟೆ, ಪ್ಲಾಸ್ಟಿಕ್ ತ್ಯಾಜ್ಯ ಹಾಗೂ ರಸ್ತೆಯಲ್ಲಿ ವಾಹನಕ್ಕೆ ಸಿಲುಕಿ ಪ್ರಾಣಿಗಳು ಸಾಯುವುದು ಇಲ್ಲಿನ ಮುಖ್ಯ ಸವಾಲುಗಳು.

ಕಾರ್ಕಳದಿಂದ ಮಾಳದ ಮೂಲಕ ಕುದುರೆಮುಖ ಮತ್ತು ಕಳಸಕ್ಕೆ ಹೋಗುವ ರಸ್ತೆ ಉದ್ಯಾನವನದ ನಡುವೆ ಸಾಗುತ್ತದೆ. ಹನುಮನಗುಂಡಿ ಮತ್ತು ಕಡಾಂಬಿ ಜಲಪಾತಗಳು ಈ ದಾರಿಯಲ್ಲಿವೆ. ಭಗವತಿಯಲ್ಲಿ ಪ್ರಕೃತಿ ಶಿಬಿರವಿದೆ. ಕುದುರೆಮುಖ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಶಿಖರದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಬೇಸಿಗೆಯಲ್ಲಿ ಬೆಂಕಿಯ ಭಯವಿರುವಾಗ ಚಾರಣವನ್ನು ನಿಲ್ಲಿಸಲಾಗುತ್ತದೆ. ಕಳಸದ ಕಳಸೇಶ್ವರ ಮತ್ತು ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯಗಳು ಸಮೀಪದ ಯಾತ್ರಾಸ್ಥಳಗಳು.

ಇವನ್ನೂ ನೋಡಿ

ಭದ್ರಾ ನದಿ
ಸಿಂಗಳೀಕ
ಪಶ್ಚಿಮ ಘಟ್ಟಗಳು
ಸೋಮೇಶ್ವರ ವನ್ಯಜೀವಿಧಾಮ