ಆಟದ ಕಣ, ಆಡಳಿತದ ಗಡಿ

ಸೈದಾಪುರವು ವಾಡಿ–ರಾಯಚೂರು ರೈಲುದಾರಿಯಲ್ಲಿರುವ ಊರು. ಊರು ಇದ್ದಲ್ಲಿಯೇ ಇದೆ. ಆದರೆ ಇಲ್ಲಿಯವರ ಪದವಿಪತ್ರದ ಮೇಲೆ ಅಚ್ಚಾಗುವ ಹೆಸರು ಮಾತ್ರ ಮತ್ತೆ ಮತ್ತೆ ಬದಲಾಗಿದೆ. ನನಗೆ ಹಳಗನ್ನಡ ಕಲಿಸಿದ ಗುರುಗಳ ಅಣ್ಣನವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ಗುರುಗಳ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ನನ್ನದು ಗುಲಬರ್ಗಾ ವಿಶ್ವವಿದ್ಯಾಲಯದ್ದು. ನನ್ನ ಕೈಯಲ್ಲಿ ವ್ಯಾಕರಣ ಕಲಿತು ಈಗ ಕಾಲೇಜು ಸೇರಿರುವ ಹುಡುಗರದು ರಾಯಚೂರಿನದು. ಒಂದೇ ಊರು, ಒಂದೇ ರೈಲು ನಿಲ್ದಾಣ, ವಿದ್ಯಾಮಾತೆಯರು ನಾಲ್ವರು.

ಪಾಠದ ಮಟ್ಟಿಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗದು. ಪಂಪನ ಕಾವ್ಯವನ್ನು ಧಾರವಾಡದಲ್ಲಿ ಓದಿದರೂ ಗುಲಬರ್ಗಾದಲ್ಲಿ ಓದಿದರೂ ಅದು ಪಂಪನ ಕಾವ್ಯವೇ. ಆದರೆ ಆಟದ ಮಾತು ಹಾಗಲ್ಲ. ಒಬ್ಬ ಹುಡುಗ ಯಾರ ಪರವಾಗಿ ಆಡಬೇಕು, ಯಾರೊಡನೆ ಸೆಣಸಬೇಕು, ಆಯ್ಕೆಗಾಗಿ ಎಷ್ಟು ದೂರ ಹೋಗಬೇಕು ಎಂಬುದನ್ನೆಲ್ಲ ಆ ಹೆಸರೇ ನಿರ್ಣಯಿಸುತ್ತದೆ. ನಮ್ಮ ದೇಶದಲ್ಲಿ ಕಾಲೇಜುಗಳು ತಮ್ಮ ವಿಶ್ವವಿದ್ಯಾಲಯದೊಳಗೆ ತಮ್ಮತಮ್ಮಲ್ಲಿ ಆಡುತ್ತವೆ. ಅಲ್ಲಿ ಆಯ್ದ ತಂಡವು ವಲಯ ಪಂದ್ಯಗಳಿಗೆ ಹೋಗುತ್ತದೆ. ವಲಯದಲ್ಲಿ ಗೆದ್ದವರು ಅಖಿಲ ಭಾರತ ಮಟ್ಟಕ್ಕೆ ಏರುತ್ತಾರೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಲಿ ಎಂದು ಸ್ಥಾಪಿತವಾಗಿ, ಇಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆನಿಸಿರುವ ಸಂಸ್ಥೆಯು ಈ ಏರ್ಪಾಟನ್ನು ನಡೆಸುತ್ತದೆ. ಆದ್ದರಿಂದ ವಿಶ್ವವಿದ್ಯಾಲಯದ ಗಡಿ ಸರಿದರೆ ಆಟಗಾರನ ದಾರಿಯೂ ಸರಿಯುತ್ತದೆ.

ಮೊದಲು ಹೈದರಾಬಾದಿನ ಕಾಲವನ್ನು ನೋಡೋಣ. ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದದ್ದು 1918ರಲ್ಲಿ. ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಹೆಚ್ಚಿನ ವಿದ್ಯೆ ಬಯಸಿದವನ ಕಣ್ಣು ಅತ್ತ ತಿರುಗಬೇಕಿತ್ತು. ಆ ನಗರದಲ್ಲಿ ಕಾಲ್ಚೆಂಡಾಟ ಆಗ ಹೇಗೆ ಬೆಳೆಯಿತೆಂಬುದಕ್ಕೆ ಸೈಯದ್ ಅಬ್ದುಲ್ ರಹೀಮರ ಹೆಸರೊಂದೇ ಸಾಕು. ಅವರು ಉಸ್ಮಾನಿಯಾದ ಪದವೀಧರರು. ವೃತ್ತಿಯಿಂದ ಶಾಲಾ ಮಾಸ್ತರರು. ಅವರು ತರಬೇತು ಕೊಟ್ಟ ಹೈದರಾಬಾದ್ ನಗರ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅವರ ಕೈಕೆಳಗೆ ಭಾರತ ತಂಡವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಒಬ್ಬ ಶಾಲಾ ಮಾಸ್ತರ ಇಷ್ಟು ಮಾಡಬಲ್ಲನೆಂಬುದು ನಮ್ಮಂಥವರಿಗೆ ಹೆಮ್ಮೆಯ ಮಾತು, ಕೊಂಚ ನಾಚಿಕೆಯ ಮಾತೂ ಹೌದು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ, ನಮ್ಮ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ನಾವು ಮನೆಗೆ ಬಂದೆವು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈದಾನದ ಲೆಕ್ಕ ಬೇರೆಯಾಗಿತ್ತು. ನಾವು ಸೇರಿದ ಮೈಸೂರು ಆಟದಲ್ಲಿ ಬಡವಾಗಿರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸಂತೋಷ್ ಟ್ರೋಫಿಯನ್ನು ಮೈಸೂರು 1946 ಮತ್ತು 1952ರಲ್ಲಿ ತಂದಿತ್ತು. ಆದರೆ ಈ ವೈಭವವೆಲ್ಲ ಬೆಂಗಳೂರಿನ ಮೈದಾನಗಳದು. ಸೈದಾಪುರದ ಹುಡುಗನಿಗೆ ಹೈದರಾಬಾದು ಹತ್ತಿರ, ಬೆಂಗಳೂರು ದೂರ. ಭಾಷೆಯಲ್ಲಿ ಹತ್ತಿರವಾದವರು ಆಟದಲ್ಲಿ ದೂರವಾದೆವು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ರಾಜ್ಯ ಹೋದರೂ ತಂಡ ಹೋಗಲಿಲ್ಲ. ಹೈದರಾಬಾದ್ ರಾಜ್ಯ ಭೂಪಟದಿಂದ ಅಳಿದ ಮೇಲೆಯೇ ಹೈದರಾಬಾದ್ ತಂಡವು 1956–57 ಮತ್ತು 1957–58ರ ಸಂತೋಷ್ ಟ್ರೋಫಿಗಳನ್ನು ಗೆದ್ದಿತು. ಕ್ರಿಕೆಟ್ಟಿನಲ್ಲಂತೂ ಆಂಧ್ರದ ತಂಡ ಬೇರೆ, ಹೈದರಾಬಾದಿನ ತಂಡ ಬೇರೆಯಾಗಿ ಇಂದಿಗೂ ರಣಜಿ ಪಂದ್ಯಗಳಲ್ಲಿ ಆಡುತ್ತಿವೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಇಂದೂರಿನ ಹೋಳ್ಕರ ಸಂಸ್ಥಾನದ್ದು. ಸಿ. ಕೆ. ನಾಯುಡು ಅವರ ನಾಯಕತ್ವದಲ್ಲಿ ಹೋಳ್ಕರ ತಂಡ ನಾಲ್ಕು ಬಾರಿ ರಣಜಿ ಟ್ರೋಫಿ ಗೆದ್ದಿತು. 1945–46ರಲ್ಲಿ ನಮ್ಮ ಮೈಸೂರಿನ ವಿರುದ್ಧ ಎಂಟು ವಿಕೆಟ್ಟಿಗೆ 912 ಓಟ ಪೇರಿಸಿತು. ಆ ಒಂದೇ ಸರದಿಯಲ್ಲಿ ಆರು ಮಂದಿ ಶತಕ ಹೊಡೆದರು. ಅಂಥ ತಂಡವು 1954–55ರಲ್ಲಿಯೂ ಅಂತಿಮ ಪಂದ್ಯವಾಡಿ, ಮುಂದಿನ ವರ್ಷ ಹೆಸರಿಲ್ಲದಂತಾಯಿತು. ಕಾರಣವೇನು? ಹೋಳ್ಕರ ತಂಡ ನಿಂತದ್ದು ಅರಮನೆಯ ಕೃಪೆಯೆಂಬ ಒಂದೇ ಕಂಬದ ಮೇಲೆ. ಹೈದರಾಬಾದಿನಲ್ಲಿ ನವಾಬರ ಕೃಪೆಯೊಡನೆ ಊರಿನ ಸಂಘಗಳಿದ್ದವು, ಮೈದಾನಗಳಿದ್ದವು, ವರ್ಷವರ್ಷವೂ ತಪ್ಪದೆ ನಡೆಯುವ ಪಂದ್ಯಾವಳಿಗಳಿದ್ದವು. ಒಂದು ಕಂಬ ಮುರಿದರೂ ಚಪ್ಪರ ಬೀಳಲಿಲ್ಲ. ಯಾವ ಪ್ರಾಂತಕ್ಕೂ ಸೇರದ ತಂಡಗಳೂ ಬದುಕಬಲ್ಲವೆಂಬುದಕ್ಕೆ ನಮ್ಮೂರ ಮೇಲೆ ಹಾದುಹೋಗುವ ರೈಲ್ವೆಯೇ ಸಾಕ್ಷಿ. 1958–59ರಲ್ಲಿ ರಣಜಿಗೆ ಬಂದ ರೈಲ್ವೆ ತಂಡಕ್ಕೆ ತನ್ನದೆಂಬ ಸೀಮೆಯಿಲ್ಲ. ಆದರೆ ನೌಕರಿಯ ಭದ್ರತೆಯಿತ್ತು, ಸ್ವಂತ ಮೈದಾನವಿತ್ತು. ಅದು 2001–02 ಮತ್ತು 2004–05ರಲ್ಲಿ ಟ್ರೋಫಿಯನ್ನೇ ಗೆದ್ದಿತು.

ಕಾಲೇಜು ಆಟದಲ್ಲಿ ಇದೇ ಪ್ರಶ್ನೆಯನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸುತ್ತಿರುವ ದೇಶ ಅಮೆರಿಕ. ಅವರು ಕಾಲ್ಚೆಂಡೆಂದು ಕರೆಯುವ ಆಟ ನಮ್ಮದಲ್ಲ. ಅಂಡಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟ. ಅಲ್ಲಿ ನೆರೆಹೊರೆಯ ವಿಶ್ವವಿದ್ಯಾಲಯಗಳು ಸೇರಿ ಕೂಟಗಳನ್ನು ಕಟ್ಟಿಕೊಂಡವು. ‘ಬಿಗ್ ಟೆನ್’ ಎಂಬ ಕೂಟದ ಮೂಲ 1896ಕ್ಕೆ ಹೋಗುತ್ತದೆ. ರೈಲಿನಲ್ಲಿ ಹೋಗಿ ಆಡಿ ಬರಲು ಅನುಕೂಲವಾಗುವಷ್ಟು ದೂರವೇ ಅಂದಿನ ಕೂಟದ ಅಳತೆ. ಟೆಲಿವಿಷನ್ ಬಂದ ಮೇಲೆ ಆ ಅಳತೆ ಕೆಟ್ಟಿತು. ಪಂದ್ಯಗಳ ಪ್ರಸಾರವನ್ನು ಕೇಂದ್ರ ಸಂಸ್ಥೆಯೊಂದೇ ಹಿಡಿತದಲ್ಲಿಡುವುದು ತಪ್ಪೆಂದು 1984ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿಂದ ಪ್ರಸಾರದ ಹಣ ಎಲ್ಲಿ ಹೆಚ್ಚೋ ಅಲ್ಲಿಗೆ ವಿಶ್ವವಿದ್ಯಾಲಯಗಳು ವಲಸೆ ಹೊರಟವು. 2024ರಲ್ಲಿ ಪೆಸಿಫಿಕ್ ಕರಾವಳಿಯ ಹಳೆಯ ಕೂಟದ ಹನ್ನೆರಡರಲ್ಲಿ ಹತ್ತು ಮಂದಿ ಎದ್ದುಹೋದರು. ಪಶ್ಚಿಮ ತೀರದ ಸ್ಟ್ಯಾನ್‌ಫರ್ಡ್ ಈಗ ‘ಅಟ್ಲಾಂಟಿಕ್ ತೀರ’ವೆಂಬ ಹೆಸರಿನ ಕೂಟದಲ್ಲಿದೆ, ಅದೇ ಕೂಟದ ಬಾಸ್ಟನ್ ಅದಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗಿಂತ ದೂರ. ‘ಹತ್ತರ ಕೂಟ’ದಲ್ಲಿ ಇಂದು ಹದಿನೆಂಟು ಸದಸ್ಯರು! ಹೆಸರಿಗೂ ಅರ್ಥಕ್ಕೂ ಸಂಬಂಧ ಕಡಿದುಹೋದರೆ ವ್ಯಾಕರಣದ ಮಾಸ್ತರನಿಗೆ ಸಂಕಟವಾಗದಿರುವುದೇ?

ಈ ನೂಕುನುಗ್ಗಲಿನಲ್ಲಿ ಯಾವ ಕೂಟಕ್ಕೂ ಸೇರದ ಸ್ವತಂತ್ರ ತಂಡಗಳು ಒಂದೊಂದಾಗಿ ಕರಗಿದವು. ಪೆನ್ ಸ್ಟೇಟ್ 1993ರಲ್ಲಿ ಸ್ವಾತಂತ್ರ್ಯವನ್ನು ಬಿಟ್ಟಿತು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ 2011ರಲ್ಲಿ ಒಂಟಿಯಾಗಿ ಹೊರಟು 2023ರಲ್ಲಿ ಕೂಟವೊಂದಕ್ಕೆ ಸೇರಿತು. ಸೈನ್ಯದ ತಂಡವೂ 2024ರಲ್ಲಿ ಹಾಗೆಯೇ ಮಾಡಿತು. 2025ರ ಆಟಕ್ಕೆ ಉನ್ನತ ಶ್ರೇಣಿಯಲ್ಲಿ ಉಳಿದ ಸ್ವತಂತ್ರರು ಇಬ್ಬರೇ: ನಾಟರ್ ಡೇಮ್ ಮತ್ತು ಕನೆಕ್ಟಿಕಟ್. ನಾಟರ್ ಡೇಮಿಗೆ ದೇಶದ ತುಂಬ ಅಭಿಮಾನಿಗಳಿದ್ದಾರೆ, 1930ರಲ್ಲಿ ಕಟ್ಟಿದ ಸ್ವಂತ ಕ್ರೀಡಾಂಗಣವಿದೆ, 1991ರಿಂದ ಸ್ವಂತ ಪ್ರಸಾರದ ಒಪ್ಪಂದವಿದೆ. ಆದರೂ ಉಳಿದ ಹಲವು ಆಟಗಳಿಗೆ ಅದೂ ಒಂದು ಕೂಟವನ್ನು ಆಶ್ರಯಿಸಿದೆ. ಎದುರಾಳಿಯಿಲ್ಲದೆ ಆಟವಿಲ್ಲ, ಅದಕ್ಕಾಗಿ ಎಂಥ ಶ್ರೀಮಂತನೂ ನೆರೆಯವರನ್ನು ಕೇಳಲೇಬೇಕು.

ಈಗ ನಮ್ಮ ಸೀಮೆಗೆ ಮರಳೋಣ. ಅಮೆರಿಕದಲ್ಲಿ ಕೂಟಗಳು ಹಿಗ್ಗುತ್ತಿವೆ. ನಮ್ಮಲ್ಲಿ ಒಂದು ಹಲವಾಗುತ್ತಿದೆ. 1956ರ ನಂತರ ಕಾರವಾರದಿಂದ ಬೀದರದವರೆಗಿನ ಕಾಲೇಜುಗಳಿಗೆಲ್ಲ ಕರ್ನಾಟಕ ವಿಶ್ವವಿದ್ಯಾಲಯ ಒಂದೇ. 1980ರಲ್ಲಿ ಗುಲಬರ್ಗಾ ಬೇರೆಯಾಯಿತು. 2010ರಲ್ಲಿ ಬಳ್ಳಾರಿ ಮತ್ತು ಬೆಳಗಾವಿಗಳಲ್ಲಿ, 2021ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಬೀದರದಲ್ಲಿ ಹೊಸ ವಿಶ್ವವಿದ್ಯಾಲಯಗಳು ನಡೆಯತೊಡಗಿದವು. ಹಿಂದೆ ಹನ್ನೊಂದು ಜನರ ಒಂದು ತಂಡಕ್ಕಾಗಿ ಇಡೀ ಉತ್ತರ ಕರ್ನಾಟಕ ಸೆಣಸುತ್ತಿದ್ದಲ್ಲಿ ಇಂದು ಹಲವು ತಂಡಗಳುಂಟು.

ಇದು ಲಾಭವೋ ನಷ್ಟವೋ? ನನ್ನ ಕಾಲದ ಒಂದು ಸಂಗತಿ ಹೇಳುತ್ತೇನೆ. ನನ್ನ ಸಹಪಾಠಿಯೊಬ್ಬ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಆಯ್ಕೆಗೆ ಹೋಗಬೇಕೆಂದರೆ ಎರಡು ದಿನ ಹೊರಗಿರಬೇಕು. ರೈಲಿನ ಖರ್ಚು, ಊಟದ ಖರ್ಚು, ಮೇಲೆ ಎರಡು ದಿನದ ಕೂಲಿ ತಪ್ಪುತ್ತದೆ. ಅವನು ಹೆಸರು ಕೊಡಲೇ ಇಲ್ಲ. ಅವನಿಗಿಂತ ಕಡಮೆ ಆಟಗಾರನಾದ ನಾನು ಹೋಗಿ, ಮೊದಲ ದಿನವೇ ಬಿಟ್ಟುಬಂದೆ. ಅವನನ್ನು ಯಾರೂ ಸೋಲಿಸಲಿಲ್ಲ; ದೂರ ಸೋಲಿಸಿತು. ಅಂಥವನಿಗೆ ಹತ್ತಿರದ ವಿಶ್ವವಿದ್ಯಾಲಯ ವರವೇ ಸರಿ.

ಆದರೆ ಬಾಗಿಲು ಹತ್ತಿರ ಬಂದರಷ್ಟೇ ಸಾಲದು. ಒಳಗೆ ಮನೆ ಇರಬೇಕು. ಕಳೆದ ವರ್ಷ ಕಾಲೇಜಿಗೆ ಸೇರಿದ ನಮ್ಮ ಶಾಲೆಯ ಹುಡುಗನೊಬ್ಬ ನಿಲ್ದಾಣದಲ್ಲಿ ಸಿಕ್ಕು, “ಸರ್, ಟೀಮಿಗೆ ಹೆಸರು ಕೊಟ್ಟೀನ್ರಿ. ಆದ್ರ ಮ್ಯಾಚ್ ಎಲ್ಲಿ ಅದಾವ್ರಿ?” ಎಂದ. “ಬರ್ತಾವ ತಮ್ಮಾ, ಆಡೋದು ಬಿಡಬ್ಯಾಡ” ಎಂದೆನೇ ಹೊರತು ಬೇರೆ ಉತ್ತರ ಹೊಳೆಯಲಿಲ್ಲ. ವರ್ಷಕ್ಕೆರಡು ಪಂದ್ಯವಾಡಿದ ತಂಡ ವಲಯಕ್ಕೆ ಹೋಗಿ ಮೊದಲ ದಿನವೇ ಸೋತು ಬಂದರೆ ಅದು ಹುಡುಗರ ತಪ್ಪಲ್ಲ. ಹೊಸ ವಿಶ್ವವಿದ್ಯಾಲಯಗಳು ಬೇರೆ ಬೇರೆಯಾಗಿ ಇರಲಿ. ಆದರೆ ರಾಯಚೂರು, ಕಲಬುರಗಿ, ಬೀದರ, ಬಳ್ಳಾರಿಗಳ ತಂಡಗಳು ವರ್ಷವಿಡೀ ತಮ್ಮತಮ್ಮಲ್ಲಿ ಆಡುವ ಒಂದು ಕೂಟವನ್ನು ಕಟ್ಟಿಕೊಳ್ಳಬಾರದೇಕೆ? ಅವುಗಳ ನಡುವೆ ರೈಲಿದೆ, ಬಸ್ಸಿದೆ. ಸ್ವಾತಂತ್ರ್ಯ ಉಳಿಯುವುದು ಒಂಟಿತನದಿಂದಲ್ಲ, ಒಳ್ಳೆಯ ನೆರೆಯಿಂದ ಎಂಬುದು ಇತಿಹಾಸದ ಪಾಠ. 2023ರ ಮಾರ್ಚಿಯಲ್ಲಿ ಕರ್ನಾಟಕವು 54 ವರ್ಷಗಳ ನಂತರ ಮತ್ತೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮುಂದಿನ ಗೆಲುವಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬನಿರಬೇಕಾದರೆ ಕೆಲಸ ಇಲ್ಲಿಂದಲೇ ಆರಂಭವಾಗಬೇಕು.

ಕಣವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ: ರಾಶಿ ಮಾಡುವ ಜಾಗವೂ ಕಣ, ಸೆಣಸುವ ಜಾಗವೂ ಕಣ. ನಮ್ಮೂರಲ್ಲಿ ಜೋಳದ ರಾಶಿ ಮುಗಿದ ಕಣದಲ್ಲಿಯೇ ಹುಡುಗರು ಚೆಂಡು ಆಡುತ್ತಿದ್ದರು. ಆ ನೆಲಕ್ಕೆ ಉಸ್ಮಾನಿಯಾ ಗೊತ್ತಿರಲಿಲ್ಲ, ಧಾರವಾಡ ಗೊತ್ತಿರಲಿಲ್ಲ. ಗಡಿ ಎಳೆಯುವವರು ಎಲ್ಲಿ ಬೇಕಾದರೂ ಎಳೆಯಲಿ. ಕಣವನ್ನು ಗುಡಿಸಿ ಸಾರಿಸಿ ಇಡುವ ಕೆಲಸ ಮಾತ್ರ ಊರಿನವರದು.